ಮಗ್ ಒಡೆದಿದ್ದು ಗಾಳಿಯಿಂದಲ್ಲ, ನೀರಿನಿಂದ

ಪ್ರಶ್ನೆ: ತಿಗರಿಯಲ್ಲಿ ಮಾಡಿದ ಆರು ಕಾಫಿ ಮಗ್‌ಗಳಿಗೆ ಹೂವು ಬರೆದು, ಎರಡು ದಿನ ಒಣಗಿಸಿ ಕಿಲ್ನ್‌ಗೆ (ಮಣ್ಣಿನ ಪಾತ್ರೆ ಸುಡುವ ಗೂಡಿಗೆ) ಇಟ್ಟೆ. ನಾಲ್ಕು ಚೂರುಚೂರಾದವು. ಮಣ್ಣು ನಾದುವಾಗ ಗಾಳಿಗುಳ್ಳೆ ಉಳಿದಿರಬೇಕು ಅಂತಾರೆ. ಹೌದಾ? (ಸಕಲೇಶಪುರದ ಓದುಗರು)

ಉತ್ತರ: ಪ್ರತಿ ಮಳೆಗಾಲವೂ ಇದೇ ಪ್ರಶ್ನೆ, ಇದೇ ಗಾಳಿಯ ಕಥೆ. ಗಾಳಿಗುಳ್ಳೆ ಇದ್ದರೂ ಮಣ್ಣು ಪೂರ್ತಿ ಒಣಗಿದ್ದರೆ ಮಗ್ ಸಿಡಿಯುವುದಿಲ್ಲ. ಸಿಡಿಸುವುದು ಒಳಗೆ ಉಳಿದ ನೀರು. 100 ಡಿಗ್ರಿ ದಾಟಿದರೆ ಅದು ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಹೊರಬರಲು ದಾರಿ ಸಿಗದಿದ್ದರೆ ಗೋಡೆಯನ್ನೇ ಒಡೆದುಕೊಂಡು ಬರುತ್ತದೆ.

ಮಲೆನಾಡಿನ ಜುಲೈನಲ್ಲಿ ಎರಡು ದಿನ ಎಲ್ಲಿ ಸಾಕಾಗುತ್ತದೆ? ಇಲ್ಲಿ ಚಿಕ್ಕಮಗಳೂರಿನಲ್ಲಿ ನಾನು ಎರಡು ವಾರ ಕಾಯುತ್ತೇನೆ. ಅಂಚು ಬೇಗ ಒಣಗುತ್ತದೆ, ತಳ ಮತ್ತು ಹಿಡಿ ಸೇರುವ ಜಾಗ ಹಸಿಯಾಗೇ ಇರುತ್ತದೆ. ಮಗ್ ಸ್ವಲ್ಪ ಗಟ್ಟಿಯಾದ ಮೇಲೆ ಬೋರಲು ಹಾಕಿ, ಮೇಲೆ ಪ್ಲಾಸ್ಟಿಕ್ ಸಡಿಲವಾಗಿ ಹೊದಿಸಿ. ಒಲೆ ಪಕ್ಕ ಇಡಬೇಡಿ, ಒಂದೇ ಕಡೆ ಒಣಗಿ ಬಿರುಕು ಬಿಡುತ್ತದೆ.

ಜಾಸ್ತಿ ಜನ ಮರೆಯುವ ವಿಷಯ ಇನ್ನೊಂದಿದೆ. ಒಣಗಿದ ಮಗ್ ಮೇಲೆ ಬ್ರಷ್‌ನಿಂದ ಹೂವು ಬರೆದರೆ ಬಣ್ಣದ ನೀರನ್ನು ಮಣ್ಣು ಮತ್ತೆ ಕುಡಿಯುತ್ತದೆ. ಕಾಫಿ ಹೂವಿನ ಗೊಂಚಲಿಗೆ ನಾಲ್ಕೈದು ಸಲ ಬಿಳಿ ಮಣ್ಣಿನ ಬಣ್ಣ ಹಚ್ಚಿದರೆ ಆ ಜಾಗ ಮತ್ತೆ ಹಸಿ. ಬರೆದ ಮೇಲೂ ಕಾಯಬೇಕು. ನಾನು ತಳವನ್ನು ಕೆನ್ನೆಗೆ ಒತ್ತಿ ನೋಡುತ್ತೇನೆ. ತಣ್ಣಗನಿಸಿದರೆ ಇನ್ನೂ ನೀರಿದೆ.

ಆಮೇಲೆ ಕಿಲ್ನ್ ಮುಚ್ಚಳ ಒಂದು ಬೆರಳಷ್ಟು ತೆರೆದಿಟ್ಟು, 90 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮುಚ್ಚಳದ ಸಂದಿಗೆ ಕನ್ನಡಿ ಹಿಡಿದು ನೋಡಿ, ಮಂಜು ಕಟ್ಟಿದರೆ ಇನ್ನಷ್ಟು ಹೊತ್ತು ಬಿಡಿ. 600 ಡಿಗ್ರಿ ದಾಟುವವರೆಗೂ ನಿಧಾನ ಇರಲಿ. 573 ಡಿಗ್ರಿಯ ಹತ್ತಿರ ಮಣ್ಣಿನಲ್ಲಿರುವ ಸ್ಫಟಿಕ ಒಮ್ಮೆಲೇ ಹಿಗ್ಗುತ್ತದೆ, ಆತುರಪಟ್ಟರೆ ಅಲ್ಲೂ ಬಿರುಕು. ಒಂದು ಜುಲೈನಲ್ಲಿ ಆರ್ಡರ್ ಕೊಡುವ ಅವಸರಕ್ಕೆ ನಾನು ಇಡೀ ಕಿಲ್ನ್ ಮಾಲು ಕಳೆದುಕೊಂಡಿದ್ದೇನೆ. ಆ ಚೂರುಗಳನ್ನು ಗುಡಿಸಿದ ನೋವು ಇನ್ನೂ ಇದೆ.

ಪ್ರಶ್ನೆ: ಅಕ್ರಿಲಿಕ್‌ನಲ್ಲಿ ಹೂವು ಬರೆದು ಮನೆ ಓವನ್‌ನಲ್ಲಿಟ್ಟರೆ ಕಾಫಿ ಕುಡಿಯಬಹುದಾ?

ಉತ್ತರ: ಬೇಡ. ಮಗ್ ಮೇಲಿನ ಹೊಳೆಯುವ ಲೇಪ, ಅಂದರೆ ಗ್ಲೇಜ್, ಒಂದು ಬಗೆಯ ಗಾಜು, ಅದು ಕರಗಲು ಸಾವಿರ ಡಿಗ್ರಿಯ ಆಸುಪಾಸು ಬೇಕು. ಓವನ್‌ನಲ್ಲಿ ಅಕ್ರಿಲಿಕ್ ಬಣ್ಣ ಒಣಗುತ್ತದೆ ಅಷ್ಟೇ, ಗ್ಲೇಜ್ ಆಗುವುದಿಲ್ಲ.

ಪ್ರಶ್ನೆ: ಗ್ಲೇಜ್‌ನ ಸಣ್ಣ ಬಿರುಕುಗಳು ಹಾಲಲ್ಲಿ ಕುದಿಸಿದರೆ ಮುಚ್ಚುತ್ತವಂತೆ?

ಉತ್ತರ: ಶುದ್ಧ ಸುಳ್ಳು. ಹಾಲಿನ ಕೆನೆ ಸಂದಿಯಲ್ಲಿ ಕೂತು ಆಮೇಲೆ ನಾರುತ್ತದೆ. ಆರುವಾಗ ಗ್ಲೇಜ್ ಮಣ್ಣಿಗಿಂತ ಜಾಸ್ತಿ ಕುಗ್ಗಿದ್ದರಿಂದ ಬಂದ ಬಿರುಕು ಅದು. ಸರಿಮಾಡಬೇಕಾದದ್ದು ಗ್ಲೇಜ್‌ನ ಮಿಶ್ರಣ.

ಪ್ರಶ್ನೆ: ಸಂತೆಯಲ್ಲಿ ಕೊಂಡ ಹೂವಿನ ಭರಣಿಯಲ್ಲಿ ಉಪ್ಪಿನಕಾಯಿ ಹಾಕಬಹುದಾ?

ಉತ್ತರ: ಗ್ಲೇಜ್‌ನಲ್ಲಿ ಸೀಸ ಇಲ್ಲ ಅಂತ ಮಾಡಿದವರೇ ಖಚಿತವಾಗಿ ಹೇಳದಿದ್ದರೆ ಖಂಡಿತ ಬೇಡ. ಹುಳಿಗೆ ಸೀಸ ಬಿಡುತ್ತದೆ, ಮಕ್ಕಳಿಗಂತೂ ಅದು ವಿಷ. ಅದರಲ್ಲಿ ಹೂವು ಇಡಿ.