ಓದುಗರ ಪ್ರಶ್ನೆ: ಜೋನಿಬೆಲ್ಲದ ಕಡಾಯಿಗೆ ಯಾವ ಕಂಟ್ರೋಲರ್?

ಪ್ರಶ್ನೆ: 50 ಲೀಟರ್ ಕಬ್ಬಿನ ಹಾಲು ಕಾಯಿಸಿ ಮನೆಯಲ್ಲೇ ಜೋನಿಬೆಲ್ಲ ಮಾಡುತ್ತೇವೆ. ಕಡಾಯಿಯೊಳಗೆ 6 ಕಿಲೋವ್ಯಾಟ್ ಹೀಟರ್ ಇದೆ, ಸಿಂಗಲ್ ಫೇಸ್. ಸಾದಾ ಆನ್-ಆಫ್ ಕಂಟ್ರೋಲರ್ ಸಾಕೋ, ಉಷ್ಣತೆ ನೋಡಿ ಉರಿಯನ್ನು ತಾನೇ ಹೆಚ್ಚು-ಕಡಿಮೆ ಮಾಡುವ ಪಿಐಡಿ ಬೇಕೋ?
– ಓದುಗರು, ಮಹಾಲಿಂಗಪುರ

ಉತ್ತರ: ಪಿಐಡಿಯನ್ನೇ ಕೊಳ್ಳಿ, ಆದರೆ ಉರಿಯನ್ನು ಶೇಕಡಾ ಲೆಕ್ಕದಲ್ಲಿ ಕೈಯಿಂದ ಹೊಂದಿಸುವ ಮ್ಯಾನುವಲ್ ಮೋಡ್ ಮತ್ತು ಅಲಾರಂ ಇರುವಂಥದ್ದು. ಕುದಿಯುವ ಹಾಲಿನ ಉಷ್ಣತೆಯನ್ನು ಯಾವ ಕಂಟ್ರೋಲರೂ ಹಿಡಿದಿಡಲಾರದು. ನೀರು ಆರಿ ಪಾಕ ಗಟ್ಟಿಯಾದಂತೆ ಅದು ತಾನೇ ಏರುತ್ತದೆ. ಆನ್-ಆಫ್ ಪೆಟ್ಟಿಗೆ ಕೊನೆಯವರೆಗೂ ಪೂರ್ತಿ ಉರಿ ಕೊಡುವುದರಿಂದ ಪಾಕ ಸೀಯುತ್ತದೆ. 100 ಡಿಗ್ರಿ ದಾಟಿದೊಡನೆ ಶೇ 40ಕ್ಕೆ ಇಳಿಸಿ.

ಸೆನ್ಸರ್ ವಿಚಾರದಲ್ಲಿ ಮಾತ್ರ ಜಿಪುಣತನ ಬೇಡ. ಕೆ-ಟೈಪ್ ಥರ್ಮೋಕಪಲ್ 2 ಡಿಗ್ರಿ ತಪ್ಪು ತೋರಿಸಬಹುದು, ಇಲ್ಲಿ ಅಷ್ಟರಲ್ಲೇ ಪಾಕ ಕೆಡುತ್ತದೆ. ಅದಕ್ಕಿಂತ ನಿಖರವಾದ, ಮೂರು ತಂತಿಯ ಪಿಟಿ-100 ಸೆನ್ಸರ್ ಹಾಕಿ. ಮೊದಲು ಬರೀ ನೀರು ಕುದಿಸಿ ನೋಡಿ: ನಿಮ್ಮ ಎತ್ತರದಲ್ಲಿ 98ರ ಆಸುಪಾಸು ತೋರಿಸಬೇಕು. ಪಾಕದ ಹದ ತಿಳಿಯಲು ಅದಕ್ಕಿಂತ 5–6 ಡಿಗ್ರಿ ಮೇಲೆ ಅಲಾರಂ ಇಡಿ.

6 ಕಿಲೋವ್ಯಾಟ್ ಎಂದರೆ ಸುಮಾರು 26 ಆಂಪಿಯರ್. ಕಂಟ್ರೋಲರ್ ಒಳಗಿನ ರಿಲೇ ಇದನ್ನು ತಾಳದು; ಬಿಸಿ ಹೊರಹಾಕುವ ಹೀಟ್‌ಸಿಂಕ್ ಸಹಿತ 40 ಆಂಪಿಯರ್ ಎಲೆಕ್ಟ್ರಾನಿಕ್ ಸ್ವಿಚ್, ಅಂದರೆ ಎಸ್‌ಎಸ್‌ಆರ್ ಬೇಕು. ಎಸ್‌ಎಸ್‌ಆರ್ ಕೆಟ್ಟಾಗ ಸಾಮಾನ್ಯವಾಗಿ ಆನ್ ಆಗಿಯೇ ಉಳಿಯುತ್ತದೆ, ಹಾಗಾಗಿ ಅದರ ಹಿಂದೆ, ಅಂಥ ವೇಳೆ ವಿದ್ಯುತ್ತನ್ನೇ ಕಡಿಯುವ ಕಾಂಟ್ಯಾಕ್ಟರ್ ಕಡ್ಡಾಯ. ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅರ್ಥಿಂಗ್ ಎರಡೂ ಇರಲಿ.

ಇನ್ನೊಂದು: 50 ಲೀಟರ್ ಹಾಲು ಕೊನೆಗೆ 10 ಲೀಟರಿನಷ್ಟಾಗುತ್ತದೆ. ಆಗಲೂ ಹೀಟರ್ ಪೂರ್ತಿ ಮುಳುಗಿರುತ್ತದೆಯೇ ಎಂದು ಕಂಟ್ರೋಲರ್ ಕೊಳ್ಳುವ ಮೊದಲೇ ಅಳೆದು ನೋಡಿ.