ಕೆಂಪು ದೂಳಿನ ಊರಲ್ಲಿ ಹಳೆ ಗಡಿಯಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆಯಲ್ಲಿ ಮುತ್ತಾತನ ಕಾಲದ ಪೆಂಡುಲಮ್ ಗೋಡೆ ಗಡಿಯಾರವಿದೆ. ಪೂರ್ತಿ ಕೀ ಕೊಟ್ಟರೂ ಎರಡು ದಿನಕ್ಕೆ ನಿಲ್ಲುತ್ತದೆ. ತೆಂಗಿನ ಎಣ್ಣೆ ಬಿಟ್ಟಾಗ ಒಂದು ವಾರ ನಡೆದು ಮತ್ತೆ ನಿಂತಿತು. ಸ್ಪ್ರಿಂಗ್ ಹೋಗಿದೆಯೇ? (ಸಂಡೂರಿನ ಓದುಗರು)

ಉತ್ತರ: ಸ್ಪ್ರಿಂಗ್ ಹೋಗಿರುವ ಸಾಧ್ಯತೆ ಕಡಿಮೆ. ಎಣ್ಣೆ ಬಿಟ್ಟ ಕೂಡಲೇ ನಡೆಯಿತು ಎಂದರೆ ಬಲ ಇದೆ, ಅದು ಪೆಂಡುಲಮ್‌ವರೆಗೆ ಮುಟ್ಟುತ್ತಿಲ್ಲ ಎಂದರ್ಥ.

ಮಷೀನು ಬಿಚ್ಚುವ ಮೊದಲು ಸದ್ದು ಕೇಳಿ. ಟಿಕ್ ಮತ್ತು ಟಾಕ್ ನಡುವಿನ ಅಂತರ ಸಮನಾಗಿರಬೇಕು. ಕುಂಟಿದಂತೆ ಕೇಳಿಸಿದರೆ ಅದೊಂದೇ ಕಾರಣಕ್ಕೂ ಗಡಿಯಾರ ನಿಲ್ಲುತ್ತದೆ. ಪೆಟ್ಟಿಗೆಯನ್ನು ನೆಟ್ಟಗೆ ತೂಗುಹಾಕಿ. ಪೆಂಡುಲಮನ್ನು ಕೈಯಿಂದ ಮೆಲ್ಲಗೆ ಬಲಕ್ಕೆ ಸರಿಸಿ, ಟಿಕ್ ಎಂದಲ್ಲಿ ಗುರುತು ಮಾಡಿ. ಎಡಕ್ಕೂ ಹಾಗೆಯೇ ಮಾಡಿ. ಯಾವ ಕಡೆ ದೂರ ಕಡಿಮೆಯೋ, ಪೆಂಡುಲಮ್ ಕಡ್ಡಿಯನ್ನು ಹಿಡಿದಿರುವ ಕೊಂಡಿ ತಂತಿಯನ್ನು ಆ ಕಡೆಗೆ ಕೂದಲೆಳೆಯಷ್ಟು ಬಗ್ಗಿಸಿ. ಎರಡು ಮೂರು ಸಲದಲ್ಲಿ ಸಮನಾಗುತ್ತದೆ. ಪೆಂಡುಲಮ್ ನೇತಾಡುವ ತೆಳು ಸ್ಪ್ರಿಂಗ್ ಪಟ್ಟಿ ಮಡಚಿದ್ದರೆ ಲೋಲಕ ನೇರವಾಗಿ ತೂಗದೆ ತಿರುಚುತ್ತದೆ. ಅಂಥ ಪಟ್ಟಿಯನ್ನು ತೀಡಿ ನೆಟ್ಟಗೆ ಮಾಡಲು ಹೋಗಬೇಡಿ, ಅದೇ ದಪ್ಪ, ಅದೇ ಉದ್ದದ ಹೊಸದನ್ನು ಹಾಕಿ.

ಇಷ್ಟಾದರೂ ನಿಂತರೆ ಕೊಳೆಯೇ ಕಾರಣ. ನಿಮ್ಮ ಊರಲ್ಲಿ ಇದನ್ನು ಒತ್ತಿ ಹೇಳಬೇಕು. ಸಂಡೂರು, ಹೊಸಪೇಟೆ, ಬಳ್ಳಾರಿಯ ಅದಿರಿನ ಕೆಂಪು ದೂಳು ಕಬ್ಬಿಣದ ಆಕ್ಸೈಡು. ಅಕ್ಕಸಾಲಿಗರು ಒಡವೆಗೆ ಹೊಳಪು ಕೊಡಲು ಬಳಸುವ ರೂಜ್ ಪುಡಿಯೂ ಅದೇ ವಸ್ತು. ಅದು ಎಣ್ಣೆಯೊಂದಿಗೆ ಸೇರಿದರೆ ಅರೆಯುವ ಲೇಪವಾಗುತ್ತದೆ. ಮೆದು ಹಿತ್ತಾಳೆಯಲ್ಲಿ ಕಣ ಹೂತು ಕೂರುತ್ತದೆ, ಉಕ್ಕಿನ ಅಚ್ಚಿನ ತುದಿ ಅದಕ್ಕೆ ಉಜ್ಜಿ ಸವೆಯುತ್ತದೆ, ಆ ತುದಿ ಕೂರುವ ಹಿತ್ತಾಳೆಯ ತೂತೂ ದುಂಡಗಿನದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ತೂತಿನ ಸುತ್ತ ಕಪ್ಪು ಎಣ್ಣೆ ಕಂಡರೆ ಸವೆತ ನಡೆದಿದೆ. ಹಳೆ ಎಣ್ಣೆಯ ಮೇಲೆ ಹೊಸ ಎಣ್ಣೆ ಬಿಟ್ಟರೆ ಈ ಲೇಪ ಸಡಿಲವಾಗಿ ಒಂದು ವಾರ ನಡೆಯುತ್ತದೆ, ಆ ವಾರ ಪೂರ್ತಿ ಅಚ್ಚನ್ನು ಅರೆಯುತ್ತದೆ. ತೆಂಗಿನ ಎಣ್ಣೆಯಂತೂ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಹಳತಾದರೆ ಅಂಟಾಗಿ ಹಿತ್ತಾಳೆಯನ್ನು ಹಸಿರುಗಟ್ಟಿಸುತ್ತದೆ. ಸೀಮೆಎಣ್ಣೆಯೂ ಬೇಡ, ಹೊಲಿಗೆ ಯಂತ್ರದ ಎಣ್ಣೆಯೂ ಬೇಡ.

ಕೊಳೆ ತೆಗೆಯಲು ಮಷೀನು ಬಿಚ್ಚುವಾಗ ಮೊದಲ ಕೆಲಸ ಸ್ಪ್ರಿಂಗಿನ ಬಲ ಇಳಿಸುವುದು. ಇದನ್ನು ಬಿಟ್ಟು ಒಂದು ಸ್ಕ್ರೂ ಕೂಡ ಸಡಿಲಿಸಬೇಡಿ: ಒಮ್ಮೆ ಕೀ ಕೊಟ್ಟರೆ ಎಂಟು ದಿನ ನಡೆಯುವ ಗಡಿಯಾರದ ಸ್ಪ್ರಿಂಗ್ ಒಮ್ಮೆಲೇ ಬಿಟ್ಟುಕೊಂಡರೆ ಚಕ್ರದ ಹಲ್ಲು ಮುರಿಯುತ್ತದೆ, ಬೆರಳೂ ಮುರಿಯಬಹುದು. ಮರದ ಹಿಡಿ ಇರುವ ಕೀಲಿ ಹಾಕಿ, ಸ್ವಲ್ಪ ಕೀ ಕೊಟ್ಟಂತೆ ತಿರುಗಿಸಿ, ಹಿಂದಕ್ಕೆ ತಿರುಗದಂತೆ ತಡೆಯುವ ನಾಲಿಗೆಯನ್ನು ಎತ್ತಿ, ಹಿಡಿ ಅಂಗೈಯಲ್ಲಿ ಮೆಲ್ಲಗೆ ಜಾರುವಂತೆ ಬಿಡಿ. ಗಂಟೆ ಹೊಡೆಯುವ ಸ್ಪ್ರಿಂಗಿಗೂ ಹಾಗೆಯೇ. ಪ್ರತಿ ಹಂತದಲ್ಲೂ ಫೋಟೊ ತೆಗೆದುಕೊಳ್ಳಿ.

ತೊಳೆಯಲು ಬೇಕಾದದ್ದು: ಒಂದು ಲೀಟರ್ ಬಿಸಿ ನೀರು, ಎರಡು ಚಮಚ ಪಾತ್ರೆ ತೊಳೆಯುವ ದ್ರವ, 50 ಮಿ.ಲೀ. ಮನೆಬಳಕೆಯ ಅಮೋನಿಯಾ. ಹಿತ್ತಾಳೆ ಭಾಗಗಳು ಇದರಲ್ಲಿ 15 ನಿಮಿಷ ಇದ್ದರೆ ಸಾಕು, ರಾತ್ರಿಯಿಡೀ ನೆನೆಸಿದರೆ ಅಮೋನಿಯಾದಿಂದ ಹಿತ್ತಾಳೆ ಬಿರುಕು ಬಿಡುತ್ತದೆ. ಕಿಟಕಿ ತೆರೆದಿಡಿ. ಸ್ಪ್ರಿಂಗನ್ನು ನೀರಿಗೆ ಹಾಕದೆ ಬಟ್ಟೆಯಿಂದ ಒರೆಸಿ. ತೊಳೆದ ಕೂಡಲೇ ಹೇರ್ ಡ್ರೈಯರಿನಿಂದ ಒಣಗಿಸಿ, ಇಲ್ಲದಿದ್ದರೆ ಉಕ್ಕಿನ ಅಚ್ಚು ಅದೇ ದಿನ ತುಕ್ಕು ಹಿಡಿಯುತ್ತದೆ. ಊದುಬತ್ತಿಯ ಬಿದಿರು ಕಡ್ಡಿಯನ್ನು ಚೂಪು ಮಾಡಿ ಪ್ರತಿ ತೂತಿನಲ್ಲೂ ತಿರುಗಿಸಿ. ಕಡ್ಡಿ ಬಿಳಿಯಾಗಿ ಹೊರಬರುವವರೆಗೆ ಬಿಡಬೇಡಿ, ಇಡೀ ಕೆಲಸದ ಸಾರ ಇಲ್ಲಿದೆ.

ಜೋಡಿಸಿದ ಮೇಲೆ ಗಡಿಯಾರದ ಎಣ್ಣೆಯನ್ನೇ ಹಾಕಿ: ತೂತಿನ ಸುತ್ತಲಿನ ಬಟ್ಟಲು ಅರ್ಧ ತುಂಬುವಷ್ಟು, ಟಿಕ್ ಟಿಕ್ ಎನ್ನುವ ಕೊಕ್ಕಿನ ಎರಡು ಮುಖಕ್ಕೆ ಚುಕ್ಕೆಯಷ್ಟು. ಚಕ್ರದ ಹಲ್ಲುಗಳಿಗೆ ಎಣ್ಣೆ ಖಂಡಿತ ಬೇಡ, ದೂಳು ಅಂಟುವುದೇ ಅಲ್ಲಿ. ತೂತು ಮೊಟ್ಟೆಯಾಕಾರವಾಗಿದ್ದರೆ ಬುಶ್ (ತೂತಿನೊಳಗೆ ಕೂರಿಸುವ ಹೊಸ ಹಿತ್ತಾಳೆ ಬಳೆ) ಹಾಕಿಸಿ. ತೂತಿನ ಸುತ್ತ ಪಂಚಿನಿಂದ ಹೊಡೆದು ಕಿರಿದು ಮಾಡಿಕೊಡುತ್ತೇವೆ ಎನ್ನುವವರ ಕೈಗೆ ಕೊಡಬೇಡಿ, ಆ ಗಾಯ ಮತ್ತೆ ಮಾಯುವುದಿಲ್ಲ.

ಪ್ರಶ್ನೆ: ಮೂರು ಗಂಟೆಗೆ ಐದು ಹೊಡೆಯುತ್ತದೆ. (ಗಂಗಾವತಿ)

ಉತ್ತರ: ಹೊಡೆಯುವ ಸ್ಪ್ರಿಂಗ್ ಮೊದಲೇ ಇಳಿದು, ಸಮಯದ ಸ್ಪ್ರಿಂಗ್ ಮಾತ್ರ ನಡೆದಿರುತ್ತದೆ. ಸಾಮಾನ್ಯವಾಗಿ ಎಡಗಡೆಯ ಕೀ ತೂತು ಹೊಡೆಯುವುದಕ್ಕೆ, ಬಲಗಡೆಯದು ಸಮಯಕ್ಕೆ. ಎರಡಕ್ಕೂ ಒಂದೇ ದಿನ ಕೀ ಕೊಡಿ. ಅಂಚಿನಲ್ಲಿ ದೂರ ದೂರ ಕಚ್ಚುಗಳಿರುವ ಎಣಿಕೆ ಚಕ್ರವಿದ್ದರೆ ಅದಕ್ಕೆ ಮುಳ್ಳು ಎಲ್ಲಿದೆ ಎಂಬುದರ ಲೆಕ್ಕವಿಲ್ಲ. ಕಚ್ಚಿನಲ್ಲಿ ಕುಳಿತ ಸನ್ನೆಯನ್ನು ಬೆರಳಿನಿಂದ ಎತ್ತಿ ಬಿಡುತ್ತ, ಮುಳ್ಳು ತೋರಿಸುವ ಸಂಖ್ಯೆ ಬರುವವರೆಗೆ ಹೊಡೆಯಲು ಬಿಡಿ. ಎತ್ತಿದಾಗೆಲ್ಲ ಅದೇ ಸಂಖ್ಯೆ ಹೊಡೆದರೆ ಅದು ಬೇರೆ ಬಗೆಯದು. ಅದರಲ್ಲಿ ಗಂಟೆ ಮುಳ್ಳನ್ನೇ ಹೊಡೆದ ಸಂಖ್ಯೆಗೆ ಸರಿಸಿ. ನಿಮಿಷದ ಮುಳ್ಳನ್ನು ಹಿಂದಕ್ಕೆ ತಿರುಗಿಸಬೇಡಿ.

ಪ್ರಶ್ನೆ: ಚಳಿಗಾಲದಲ್ಲಿ ಸರಿಯಿರುವ ಗಡಿಯಾರ ಏಪ್ರಿಲ್, ಮೇ ತಿಂಗಳಲ್ಲಿ ಹಿಂದೆ ಬೀಳುತ್ತದೆ. ರಿಪೇರಿ ಬೇಕೇ? (ರಾಯಚೂರು)

ಉತ್ತರ: ಬೇಡ. ಬಿಸಿಗೆ ಪೆಂಡುಲಮ್ ಕಡ್ಡಿ ಉದ್ದವಾಗುತ್ತದೆ, ಉದ್ದವಾದರೆ ನಿಧಾನವಾಗಿ ತೂಗುತ್ತದೆ. ಉಕ್ಕಿನ ಕಡ್ಡಿಗೆ ಒಂದು ಡಿಗ್ರಿ ಏರಿದರೆ ದಿನಕ್ಕೆ ಸುಮಾರು ಅರ್ಧ ಸೆಕೆಂಡ್, ಹಿತ್ತಾಳೆಯದಕ್ಕೆ 0.8 ಸೆಕೆಂಡ್ ನಷ್ಟ. ರಾಯಚೂರಿನ ಬೇಸಿಗೆಯಲ್ಲಿ ಮನೆಯೊಳಗೆ 15 ಡಿಗ್ರಿ ಹೆಚ್ಚಾಯಿತೆಂದರೆ ಉಕ್ಕಿನ ಕಡ್ಡಿಯ ಗಡಿಯಾರ ದಿನಕ್ಕೆ ಏಳೆಂಟು ಸೆಕೆಂಡ್, ತಿಂಗಳಿಗೆ ಸುಮಾರು ನಾಲ್ಕು ನಿಮಿಷ ಹಿಂದೆ ಬೀಳುತ್ತದೆ. ಮರದ ಕಡ್ಡಿ ಬಿಸಿಗೆ ಅಷ್ಟು ಹಿಗ್ಗುವುದಿಲ್ಲ.

ಪೆಂಡುಲಮ್ ಗುಂಡಿನ ಕೆಳಗಿನ ನಟ್ ತಿರುಗಿಸಿ ಸರಿಮಾಡಿ, ಗುಂಡನ್ನು ಮೇಲೆತ್ತಿದರೆ ವೇಗ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಅರ್ಧ ಸೆಕೆಂಡಿನಲ್ಲಿ ತೂಗುವ ಪೆಂಡುಲಮ್ ಸುಮಾರು 25 ಸೆಂ.ಮೀ. ಇರುತ್ತದೆ, ಅದರಲ್ಲಿ ಒಂದು ಮಿ.ಮೀ. ಎತ್ತಿದರೆ ದಿನಕ್ಕೆ ಮೂರು ನಿಮಿಷದ ವ್ಯತ್ಯಾಸ. ಹಾಗಾಗಿ ನಟ್ಟನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ ಒಂದು ವಾರ ನೋಡಿ. ಒಂದೇ ದಿನದ ಲೆಕ್ಕ ನಂಬಬೇಡಿ: ಸ್ಪ್ರಿಂಗ್ ಇಳಿಯುತ್ತ ಹೋದಂತೆ ನಡಿಗೆ ಬದಲಾಗುತ್ತದೆ.

ಪ್ರಶ್ನೆ: ಜಿ.ಐ.ಪಿ. ರೈಲ್ವೆ ಎಂದು ಬರೆದ ದುಂಡು ಗಡಿಯಾರ ಮಾರಾಟಕ್ಕಿದೆ. ಅಸಲಿ ಎಂದು ತಿಳಿಯುವುದು ಹೇಗೆ? (ಬಳ್ಳಾರಿ)

ಉತ್ತರ: ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು. ಆದ್ದರಿಂದ ಈ ಭಾಗದಲ್ಲಿ ಅಂಥ ಗಡಿಯಾರ ಸಿಗುವುದು ಅಸಂಭವವಲ್ಲ. ಆದರೆ ಹಳೆ ಮಷೀನಿನ ಮೇಲೆ ರೈಲ್ವೆ ಹೆಸರಿನ ಹೊಸ ಡಯಲ್ ಕೂರಿಸಿ ಮಾರುವುದು ಬಹಳ. ಅಕ್ಷರ ಕೊನೆಗೆ ನೋಡಿ, ಮೊದಲು ಡಯಲ್ ಬಿಚ್ಚಿಸಿ. ಕೀ ತೂತು ಅಚ್ಚಿನ ನೇರಕ್ಕೆ ಇದೆಯೇ? ಡಯಲ್ ಹಿಂದೆ ಕೆಲಸಕ್ಕೆ ಬಾರದ ಹೆಚ್ಚಿನ ತೂತುಗಳಿವೆಯೇ? ಪೆಟ್ಟಿಗೆಯ ಒಳಮರ ಹೊರಮರದಷ್ಟೇ ಹಳತೇ, ಅಥವಾ ಬಣ್ಣ ಬಳಿದದ್ದೇ? ಬಿಚ್ಚಲು ಒಪ್ಪದ ಮಾರಾಟಗಾರನಿಂದ ಕೊಳ್ಳಬೇಡಿ.

ಡಯಲ್ ಮೇಲಿನ ಹೆಸರು ಹಲವು ಸಲ ಮಾರಿದ ಅಂಗಡಿಯದು. ಮದ್ರಾಸಿನ ಪಿ. ಓರ್ ಆಂಡ್ ಸನ್ಸ್ ಹೆಸರು ಹಾಗೆಯೇ ಬಂದದ್ದು. ತಯಾರಕರ ಗುರುತು ಮಷೀನಿನ ಹಿಂದಿನ ತಗಡಿನಲ್ಲಿರುತ್ತದೆ: ಎಂಟು ಮೂಲೆಯ ನಕ್ಷತ್ರವಿದ್ದರೆ ಜರ್ಮನಿಯ ಯುಂಗ್ಹನ್ಸ್. ಅಮೆರಿಕದ ಸೆತ್ ಥಾಮಸ್ ಕೆಲವು ಗಡಿಯಾರಗಳ ಪೆಟ್ಟಿಗೆಯ ಮೇಲೆ ಇಸವಿಯನ್ನು ತಿರುವಿ ಒತ್ತುತ್ತಿತ್ತು. 5981 ಎಂದಿದ್ದರೆ 1895 ಎಂದು ಓದಿ.

ಪ್ರಶ್ನೆ: ಪೆಟ್ಟಿಗೆಗೆ ಹೊಸ ವಾರ್ನಿಶ್ ಹೊಡೆಸಬಹುದೇ? (ಸಿಂಧನೂರು)

ಉತ್ತರ: ಹೊಡೆಸಬೇಡಿ. ಕಾಣದ ಮೂಲೆಯಲ್ಲಿ ಹತ್ತಿಯಿಂದ ಒಂದು ಹನಿ ಸ್ಪಿರಿಟ್ ಮುಟ್ಟಿಸಿ. ಅಂಟಾದರೆ ಅದು ಅರಗಿನ ಪಾಲಿಶ್. ತೆಳು ಅರಗಿನ ಪಾಲಿಶನ್ನೇ ಮೇಲೆ ಕೊಡಬಹುದು, ಹಳೆಯದು ಕೆರೆಯಬೇಕಾಗಿಲ್ಲ. ಡಯಲ್ ಕಾಗದದ್ದಾದರೆ ನೀರು ತಾಗಿಸಬೇಡಿ.

ಪ್ರಶ್ನೆ: ಕತ್ತಲಲ್ಲಿ ಹೊಳೆಯುತ್ತಿದ್ದ ಅಂಕಿಗಳ ಹಳೆ ಅಲಾರಂ ಸಿಕ್ಕಿದೆ. ಈಗ ಹೊಳೆಯುವುದಿಲ್ಲ. ಹಳೆ ಬಣ್ಣ ಕೆರೆದು ಹೊಸದು ಹಚ್ಚಬಹುದೇ? (ಕೊಪ್ಪಳ)

ಉತ್ತರ: ದಯವಿಟ್ಟು ಕೆರೆಯಬೇಡಿ. 1960ರ ದಶಕಕ್ಕೆ ಮುಂಚಿನ ಇಂಥ ಡಯಲ್‌ಗಳಲ್ಲಿ ವಿಕಿರಣ ಸೂಸುವ ರೇಡಿಯಂ ಇರುವ ಸಾಧ್ಯತೆ ಹೆಚ್ಚು. ಹೊಳಪು ಹೋದದ್ದು ಅದರೊಡನೆ ಬೆರೆಸಿದ ಸತುವಿನ ಸಲ್ಫೈಡ್ ಸವೆದದ್ದರಿಂದ. ರೇಡಿಯಂ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಕೆರೆದ ಪುಡಿ ಉಸಿರಿನಲ್ಲಿ ಹೋದರೆ ಮೂಳೆ ಸೇರುತ್ತದೆ. ಗಾಜು ತೆಗೆಯದೆ, ಗಾಳಿಯಾಡುವ ಕಡೆ, ಮಕ್ಕಳ ಕೈಗೆ ಸಿಗದಂತೆ ಇಡಿ. ಗಾಜು ಮೊದಲೇ ಒಡೆದಿದ್ದರೆ ಇಡೀ ಅಲಾರಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮುಟ್ಟಿದ ಜಾಗವನ್ನು ಒದ್ದೆ ಕಾಗದದಿಂದ ಒರೆಸಿ, ಕೈ ತೊಳೆದುಕೊಳ್ಳಿ, ಪೊರಕೆಯಿಂದ ಗುಡಿಸಬೇಡಿ.