.44 ಮ್ಯಾಗ್ನಮ್ ರಿವಾಲ್ವರ್ ಹೊಡೆಯುವಾಗ ಒದೆತ ತಡೆಯುವುದು ಹೇಗೆ?

ಕಾರ್ಕಳದ ತೋಟದಲ್ಲಿ ಲೈಸೆನ್ಸ್ ಇರುವ ಒಂಟಿ ನಳಿಕೆ ಕೋವಿ ಇದೆ, ಹೊಡೆದು ಅಭ್ಯಾಸವೂ ಇದೆ. ಈಗ ಟೆಕ್ಸಾಸ್‌ನಲ್ಲಿರುವ ಅಣ್ಣನ ಮನೆಗೆ ಹೋದಾಗ .44 ಮ್ಯಾಗ್ನಮ್ ಹೊಡೆಯಬೇಕು, ಕೈಗೆ ಪೆಟ್ಟಾಗಬಾರದು. ನಿಮ್ಮ ಪ್ರಶ್ನೆ ಇದು, ಅಲ್ವಾ?

ನಾನು ಮಂಗಳೂರಿನವನು. ಗ್ರೀನ್ ಕಾರ್ಡ್, ಅಂದರೆ ಅಮೆರಿಕದ ಕಾಯಂ ವಾಸದ ಪರವಾನಗಿ, ಇಟ್ಟುಕೊಂಡು ಹೂಸ್ಟನ್‌ನಲ್ಲಿದ್ದಾಗ ರೇಂಜ್ ಹುಚ್ಚು, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗದ ಹುಚ್ಚು, ಹತ್ತಿತ್ತು. ಗ್ರೀನ್ ಕಾರ್ಡ್ ಮಾತು ಸುಮ್ನೆ ತೆಗೆದದ್ದಲ್ಲ. ಅಲ್ಲಿನ ಕೇಂದ್ರ ಕಾನೂನಿನಲ್ಲಿ ಪ್ರವಾಸಿ ವೀಸಾದವರು ಬಂದೂಕು, ಗುಂಡು ಇಟ್ಟುಕೊಳ್ಳುವಂತಿಲ್ಲ. ರೇಂಜ್‌ನಲ್ಲಿ ಬಾಡಿಗೆಗೆ ಪಡೆದರೂ ಅಷ್ಟೇ. ಕೆಲವು ವಿನಾಯಿತಿ ಇವೆ, ಅಲ್ಲಿನ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಅದರಲ್ಲೊಂದು. ಮೊದಲು ಅದನ್ನು ನೋಡಿಕೊಳ್ಳಿ ಮಾರಾಯ್ರೆ.

ಇನ್ನು ಒದೆತದ ವಿಷಯ. ಕೋವಿಯ ಅಭ್ಯಾಸ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಕೋವಿಯ ಹಿಂಬದಿ ಭುಜಕ್ಕೆ ಒತ್ತಿರುತ್ತದೆ, ಪೆಟ್ಟನ್ನು ಇಡೀ ಮೈ ತಿನ್ನುತ್ತದೆ. ರಿವಾಲ್ವರ್‌ಗೆ ಭುಜದ ಆಸರೆಯೇ ಇಲ್ಲ. ನಳಿಕೆ ಕೈಗಿಂತ ಮೇಲೆ ಇರುವುದರಿಂದ ಅದು ಹಿಂದಕ್ಕೆ ತಳ್ಳುವ ಜೊತೆಗೆ ಮೇಲಕ್ಕೂ ಎಗರುತ್ತದೆ. .44ರ ಗುಂಡು ಸುಮಾರು 15.5 ಗ್ರಾಂ, ಸೆಕೆಂಡಿಗೆ 400 ಮೀಟರ್ ಆಸುಪಾಸು ಹೋಗುತ್ತದೆ. ಸಾಮಾನ್ಯ ಪಿಸ್ತೂಲಿನ 9 ಎಂಎಂ ಗುಂಡು ಸುಮಾರು ಅದರ ಅರ್ಧ ತೂಕ. ಅಷ್ಟನ್ನೂ ಮಣಿಕಟ್ಟಿನ ಬಲದಿಂದ ತಡೆದು ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ. ಅದು ಏಳಲಿ. ಏಳುವುದು ನೇರವಾಗಿ ಇರಬೇಕು, ಮತ್ತೆ ಅದೇ ಜಾಗಕ್ಕೆ ಇಳಿಯಬೇಕು, ಅಷ್ಟೇ.

ಹಾಗಾಗಿ ಹಿಡಿಯನ್ನು ಆದಷ್ಟು ಮೇಲೆ ಹಿಡಿಯಿರಿ. ಕೆಳಗೆ ಹಿಡಿದಷ್ಟೂ ಜಾಸ್ತಿ ಎಗರುತ್ತದೆ. ಎಡಗೈ ಬಲಗೈಯ ಬೆರಳುಗಳನ್ನು ಸುತ್ತಿ ಬಿಗಿಯಾಗಿ ಒತ್ತಲಿ. ಬಲಗೈಯನ್ನೇ ಹೆಚ್ಚು ಬಿಗಿ ಮಾಡಿದರೆ ಟ್ರಿಗರ್ ಬೆರಳು ಮರಗಟ್ಟುತ್ತದೆ. ಮೊಣಕೈ ಸ್ವಲ್ಪ ಮಡಚಿರಲಿ. ಹೊಸಬರು ಹೆದರಿ ಹಿಂದಕ್ಕೆ ವಾಲುತ್ತಾರೆ. ನೀವು ಕೆಟ್ಟು ನಿಂತ ರಿಕ್ಷಾ ತಳ್ಳುವವರ ಹಾಗೆ ಮುಂದಕ್ಕೆ ಬಾಗಿ ನಿಲ್ಲಿ.

ಹೆಬ್ಬೆರಳಿನ ಬಗ್ಗೆ ಬಹಳ ಜಾಗ್ರತೆ. ಪಿಸ್ತೂಲಿನಲ್ಲಿ ಹೆಬ್ಬೆರಳು ಮುಂದಕ್ಕೆ ಚಾಚುವ ರೂಢಿ ಇದೆ, ವಿಡಿಯೋಗಳಲ್ಲೂ ಅದನ್ನೇ ತೋರಿಸುತ್ತಾರೆ. ರಿವಾಲ್ವರ್‌ನಲ್ಲಿ ಬೇಡವೇ ಬೇಡ. ಗುಂಡು ತುಂಬುವ, ಸುತ್ತುವ ಸಿಲಿಂಡರ್‌ಗೂ ನಳಿಕೆಗೂ ನಡುವೆ ಇರುವ ಸಣ್ಣ ಸಂದಿನಿಂದ ಬಿಸಿ ಅನಿಲ ಚಿಮ್ಮುತ್ತದೆ, ಬೆರಳು ಸೀಳುವಷ್ಟು ಜೋರಾಗಿ. ಹೆಬ್ಬೆರಳುಗಳನ್ನು ಹಿಂದೆ ಮಡಚಿಡಿ.

ನಿಜವಾದ ತೊಂದರೆ ಒದೆತವಲ್ಲ, ಅದರ ಹೆದರಿಕೆ. ಗುಂಡು ಹಾರುವ ಮೊದಲೇ ಕೈ ಕೆಳಗೆ ಕುಕ್ಕುತ್ತದೆ, ಗುರಿ ತಪ್ಪುತ್ತದೆ. ಇದು ಗೊತ್ತಾಗಬೇಕಾದರೆ ಸಿಲಿಂಡರ್‌ನಲ್ಲಿ ಡಮ್ಮಿ ಗುಂಡುಗಳನ್ನು ನಡುನಡುವೆ ಸೇರಿಸಲು ಅಣ್ಣನಿಗೆ ಹೇಳಿ. ಖಾಲಿ ಕ್ಲಿಕ್ ಬಂದಾಗ ನಳಿಕೆ ಕೆಳಗೆ ಬಾಗಿತೋ, ಸಿಕ್ಕಿಬಿದ್ದಿರಿ! ಅದೇ ರಿವಾಲ್ವರ್‌ನಲ್ಲಿ .44 ಸ್ಪೆಷಲ್ ಎಂಬ ಕಡಿಮೆ ಬಲದ ಗುಂಡೂ ಹೊಡೆಯಬಹುದು, ಒದೆತ ಎಷ್ಟೋ ಕಡಿಮೆ. ಅದರಿಂದಲೇ ಶುರು ಮಾಡಿ.

ಮ್ಯಾಗ್ನಮ್‌ಗೆ ಬಂದಾಗ ಮೊದಲ ಸಲ ಒಂದೇ ಗುಂಡು ತುಂಬಿಸಿ. ಒದೆತಕ್ಕೆ ಬೆಚ್ಚಿ ಕೈ ಬಿಗಿಯಾದರೆ ಟ್ರಿಗರ್ ಮತ್ತೊಮ್ಮೆ ಎಳೆದುಹೋಗಬಹುದು. ಆಗ ನಳಿಕೆ ಎಲ್ಲಿ ತಿರುಗಿರುತ್ತದೋ ದೇವರೇ ಬಲ್ಲ. ಹಗುರ, ಗಿಡ್ಡ ರಿವಾಲ್ವರ್ ಕೊಟ್ಟರೆ ಬೇಡ ಅನ್ನಿ. ತೂಕ ಹೆಚ್ಚಿದ್ದಷ್ಟೂ ಒದೆತ ಕಡಿಮೆ. ಒಂದು ಕಿಲೋಗಿಂತ ಜಾಸ್ತಿ ತೂಗುವ, ಉದ್ದ ನಳಿಕೆಯ, ರಬ್ಬರ್ ಹಿಡಿಯ ರಿವಾಲ್ವರ್ ಕೇಳಿ.

ಕನ್ನಡಕ ಹಾಕಿಕೊಳ್ಳಿ. ಕಿವಿಯೊಳಗೆ ಪ್ಲಗ್, ಮೇಲೆ ಮಫ್, ಎರಡೂ ಬೇಕು. ಸದ್ದು ಜೋರಾದಷ್ಟೂ ಬೆಚ್ಚುವುದು ಜಾಸ್ತಿ. ಅಂಗೈ ನೋಯತೊಡಗಿದರೆ ಅವತ್ತಿಗೆ ಸಾಕು, ಉಳಿದ ಗುಂಡನ್ನು ಅಣ್ಣ ಹೊಡೆಯಲಿ.